ಹಳೆಯ ಕಾರ್ ಆಂಪ್ಲಿಫೈಯರ್ ಮತ್ತೆ ಮತ್ತೆ ಫ್ಯೂಸ್ ಸುಡುತ್ತಿದ್ದರೆ: ದೋಷ ಪತ್ತೆ ಮತ್ತು ನಿವಾರಣೆ

1980 ಮತ್ತು 1990ರ ದಶಕಗಳ ಕಾರ್ ಆಂಪ್ಲಿಫೈಯರ್‌ಗಳನ್ನು ಹವ್ಯಾಸವಾಗಿ ರಿಪೇರಿ ಮಾಡುವ ನನ್ನ ಮೇಜಿಗೆ ಬರುವ ದೂರುಗಳಲ್ಲಿ ಹೆಚ್ಚಿನವು ಫ್ಯೂಸಿಗೆ ಸಂಬಂಧಿಸಿದವು. ಬ್ಯಾಟರಿಯ ತಂತಿ ಮುಟ್ಟಿಸಿದ ಕೂಡಲೇ ಫ್ಯೂಸ್ ಹೋಗುತ್ತದೆ. ಇಲ್ಲವೇ ಸ್ಟೀರಿಯೊ ಹಾಕಿದ ಮೇಲೆ ಹೋಗುತ್ತದೆ. ಇಲ್ಲವೇ ಯಾರೋ ಒಳಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರಾದ ಮಾಸ್‌ಫೆಟ್ ಬದಲಿಸಿಕೊಟ್ಟ ಬಳಿಕ ಹದಿನೈದು ದಿನ ಹಾಡಿ ಮತ್ತೆ ಹೋಗುತ್ತದೆ. ಈ ಮೂರನೆಯ ದೂರನ್ನು ಮುಖ್ಯವಾಗಿಟ್ಟುಕೊಂಡು ಈ ಕೈಪಿಡಿಯನ್ನು ಬರೆಯುತ್ತಿದ್ದೇನೆ. ಸುಟ್ಟ ಭಾಗ ಮೊದಲು ಕಣ್ಣಿಗೆ ಬೀಳುವುದರಿಂದ ಅದನ್ನೇ ದೋಷವೆಂದು ತಿಳಿದು ಬದಲಿಸುವುದು ಸಹಜ. ಆದರೆ ಈ ಆಂಪ್ಲಿಫೈಯರ್‌ಗಳಲ್ಲಿ ಸುಟ್ಟುಹೋದ ದೊಡ್ಡ ಭಾಗವು ಬಹಳಷ್ಟು ಸಲ ಪಕ್ಕದ ಇನ್ನೊಂದು ಚಿಕ್ಕ ಭಾಗ ಕೆಟ್ಟದ್ದರ ಫಲವಾಗಿರುತ್ತದೆ. ಆ ಚಿಕ್ಕ ಭಾಗ ಸಿಗುವವರೆಗೆ ಹೊಸ ಮಾಸ್‌ಫೆಟ್ ಹಾಕಬಾರದು.

ಒಳಗಿನ ವ್ಯವಸ್ಥೆ

ಕಾರಿನ ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ತುದಿಗಳಲ್ಲಿ ಸುಮಾರು 13.8ರಿಂದ 14.4 ವೋಲ್ಟ್ ಇರುತ್ತದೆ. ಇದನ್ನು ನೇರವಾಗಿ ಬಳಸಿದರೆ, ಸ್ಪೀಕರಿನ ಎರಡೂ ತುದಿಗಳನ್ನು ನಡೆಸುವ ಬ್ರಿಡ್ಜ್ ವಿನ್ಯಾಸದಲ್ಲೂ 4 ಓಮ್ ಸ್ಪೀಕರಿಗೆ ಲೆಕ್ಕದಲ್ಲಿ ಸಿಗುವುದು ಹೆಚ್ಚೆಂದರೆ 26 ವಾಟ್. ನಷ್ಟಗಳನ್ನು ಕಳೆದರೆ ಇನ್ನೂ ಕಡಿಮೆ. ಹೆಚ್ಚು ಶಕ್ತಿ ಬೇಕೆಂದರೆ ವೋಲ್ಟೇಜನ್ನು ಏರಿಸಬೇಕು. ಅದಕ್ಕಾಗಿ ಈ ಆಂಪ್ಲಿಫೈಯರ್‌ಗಳ ಅರ್ಧ ಭಾಗ ವಾಸ್ತವದಲ್ಲಿ ಒಂದು ಪವರ್ ಸಪ್ಲೈ. ಬ್ಯಾಟರಿಯ ಕರೆಂಟ್ ಫ್ಯೂಸ್ ದಾಟಿ, ದೊಡ್ಡ ಕೆಪಾಸಿಟರ್‌ಗಳನ್ನು ಹಾದು, ಬಳೆಯಾಕಾರದ ಫೆರೈಟ್ ಟ್ರಾನ್ಸ್‌ಫಾರ್ಮರಿನ ಪ್ರೈಮರಿ ಸುರುಳಿಯ ನಡು ತುದಿಗೆ ಬರುತ್ತದೆ. ಸುರುಳಿಯ ಎರಡು ಹೊರ ತುದಿಗಳನ್ನು ಎರಡು ಗುಂಪು ಮಾಸ್‌ಫೆಟ್‌ಗಳು ಸರದಿಯಂತೆ ಗ್ರೌಂಡಿಗೆ ಎಳೆಯುತ್ತವೆ. ಈ ಸರದಿಯನ್ನು ನಡೆಸುವುದು ಸಾಮಾನ್ಯವಾಗಿ ಟಿಎಲ್494 ಎಂಬ 16 ಕಾಲಿನ ಐಸಿ, ಕೆಲವು ಮಾದರಿಗಳಲ್ಲಿ ಎಸ್‌ಜಿ3525. ಸೆಕೆಂಡರಿ ಸುರುಳಿಯಿಂದ ಬರುವ ವೋಲ್ಟೇಜನ್ನು ವೇಗದ ಡಯೋಡ್‌ಗಳು ಡಿಸಿಗೆ ಪರಿವರ್ತಿಸುತ್ತವೆ. ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಿಗೆ ಹೆಚ್ಚಾಗಿ 25ರಿಂದ 35 ವೋಲ್ಟಿನ ಧನ ಮತ್ತು ಋಣ ಸಪ್ಲೈ ಸಾಲುಗಳು, ಅಂದರೆ ರೇಲ್‌ಗಳು ಸಿಗುತ್ತವೆ.

ಪೆಟ್ಟಿಗೆಯ ಮೇಲೆ ಬರೆದ ವಾಟ್‌ನಿಂದ ಒಳಗಿನ ಸಾಮರ್ಥ್ಯವನ್ನು ಊಹಿಸಬಾರದು. ಅಮೆರಿಕದ ಕಾರ್ ಆಡಿಯೊ ಸ್ಪರ್ಧೆಗಳಲ್ಲಿ ಆಂಪ್ಲಿಫೈಯರಿನ ಘೋಷಿತ ವಾಟ್ ನೋಡಿ ವರ್ಗ ನಿಗದಿಪಡಿಸುತ್ತಿದ್ದ ಕಾಲದಲ್ಲಿ, 4 ಓಮ್‌ಗೆ ಚಾನೆಲಿಗೆ 25 ವಾಟ್ ಎಂದಷ್ಟೇ ಬರೆದು, ಬಹಳ ಕಡಿಮೆ ಓಮ್‌ಗೆ ಅದರ ಹಲವು ಪಟ್ಟು ಕೊಡುವ ಒರಾಯನ್ 225 ಎಚ್‌ಸಿಸಿಎಯಂಥ ಆಂಪ್ಲಿಫೈಯರ್‌ಗಳು ಬಂದವು. ಅಂಥ ಒಂದು ಕೈಗೆ ಬಂದರೆ, ಬೋರ್ಡಿನಲ್ಲಿರುವ ಮಾಸ್‌ಫೆಟ್‌ಗಳ ಸಂಖ್ಯೆ ಮತ್ತು ಫ್ಯೂಸಿನ ಆಂಪಿಯರ್ ನೋಡಿಯೇ ಅದರ ಹಸಿವನ್ನು ಅಳೆಯಬೇಕು.

ಮೇಜಿನ ಸಿದ್ಧತೆ

ದೋಷವಿರುವ ಆಂಪ್ಲಿಫೈಯರನ್ನು ಕಾರಿನ ಬ್ಯಾಟರಿಗೆ ನೇರವಾಗಿ ಜೋಡಿಸಬಾರದು. ಬ್ಯಾಟರಿ ನೂರಾರು ಆಂಪಿಯರ್ ಹರಿಸಬಲ್ಲದು. ಫ್ಯೂಸ್ ಹೋಗುವಷ್ಟರಲ್ಲಿ ಬೋರ್ಡಿನ ಟ್ರ್ಯಾಕ್ ಎದ್ದುಬರುತ್ತದೆ. ಕರೆಂಟ್ ಮಿತಿ ಇರುವ ಬೆಂಚ್ ಸಪ್ಲೈ ಇದ್ದರೆ 1 ಅಥವಾ 2 ಆಂಪಿಯರಿಗೆ ಇಟ್ಟುಕೊಳ್ಳಿ. ಇಲ್ಲದವರು ಧನ ತಂತಿಯ ಸರಣಿಯಲ್ಲಿ 12 ವೋಲ್ಟ್ 55 ವಾಟಿನ ಹೆಡ್‌ಲೈಟ್ ಬಲ್ಬ್ ಜೋಡಿಸಬಹುದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಊರಿನ ಯಾವುದೇ ಆಟೋ ಬಿಡಿಭಾಗದ ಅಂಗಡಿಯಲ್ಲಾಗಲಿ ಇದು ಸಿಗುತ್ತದೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಆದರೂ ಕರೆಂಟ್ 5 ಆಂಪಿಯರಿನ ಒಳಗೇ ಉಳಿಯುತ್ತದೆ. ಆಂಪ್ಲಿಫೈಯರ್ ಆರೋಗ್ಯವಾಗಿದ್ದರೆ ಕೆಪಾಸಿಟರ್‌ಗಳು ತುಂಬುವ ಒಂದು ಕ್ಷಣ ಬೆಳಗಿ ಮಂಕಾಗುತ್ತದೆ. ಬಹಳ ದೊಡ್ಡ ಆಂಪ್ಲಿಫೈಯರ್‌ಗಳು ಬಲ್ಬಿನ ಮೂಲಕ ಏಳಲಾರದೆ ತೊದಲುವುದುಂಟು. ಅದು ದೋಷವಲ್ಲ, ಆಗ ಇನ್ನೊಂದು ಬಲ್ಬನ್ನು ಮೊದಲನೆಯದಕ್ಕೆ ಸಮಾಂತರವಾಗಿ ಸೇರಿಸಿದರಾಯಿತು.

ಎರಡು ರೇಲ್‌ಗಳ ನಡುವೆ 70 ವೋಲ್ಟಿನವರೆಗೂ ಇರಬಹುದಾದ್ದರಿಂದ, ಪ್ರತಿ ಸಲ ಕೈ ಹಾಕುವ ಮೊದಲು ಕೆಪಾಸಿಟರ್‌ಗಳನ್ನು 100 ಓಮ್ 5 ವಾಟಿನ ರೆಸಿಸ್ಟರ್ ಇಟ್ಟು ಖಾಲಿ ಮಾಡಿಕೊಳ್ಳಿ. ಸ್ಕ್ರೂಡ್ರೈವರಿನಿಂದ ಶಾರ್ಟ್ ಮಾಡುವ ಅಭ್ಯಾಸ ಬೇಡ.

ವಿದ್ಯುತ್ ಕೊಡುವ ಮೊದಲಿನ ಪರೀಕ್ಷೆ

ಫ್ಯೂಸ್ ಯಾವಾಗ ಹೋಗುತ್ತದೆ ಎಂಬುದನ್ನು ಆಂಪ್ಲಿಫೈಯರ್ ತಂದವರಿಂದ ಖಚಿತವಾಗಿ ಕೇಳಿ ತಿಳಿಯಬೇಕು, ಏಕೆಂದರೆ ಉತ್ತರದ ಅರ್ಧ ಅಲ್ಲಿಯೇ ಇದೆ. ಸ್ಟೀರಿಯೊ ಹಾಕಿದಾಗ ಆಂಪ್ಲಿಫೈಯರನ್ನು ಎಬ್ಬಿಸುವ ರಿಮೋಟ್ ತಂತಿಗೆ ವಿದ್ಯುತ್ ಕೊಡದೆಯೇ ಫ್ಯೂಸ್ ಹೋಗುತ್ತಿದ್ದರೆ ದೋಷ ಪ್ರೈಮರಿ ಬದಿಯಲ್ಲಿದೆ: ಮಾಸ್‌ಫೆಟ್ ಶಾರ್ಟ್ ಆಗಿದೆ, ಅಥವಾ ತಂತಿ ಅದಲುಬದಲಾದಾಗ ಆಂಪ್ಲಿಫೈಯರನ್ನು ಕಾಯಲೆಂದು ಬ್ಯಾಟರಿಯ ಎರಡು ತುದಿಗಳಿಗೆ ಅಡ್ಡಲಾಗಿ ಇಟ್ಟಿರುವ ಡಯೋಡ್ ಶಾರ್ಟ್ ಆಗಿದೆ. ರಿಮೋಟ್ ಕೊಟ್ಟ ನಂತರವಷ್ಟೇ ಹೋಗುತ್ತಿದ್ದರೆ ಪವರ್ ಸಪ್ಲೈ ಏಳುತ್ತಿದೆ, ಅದರಾಚೆ ಎಲ್ಲೋ ಹೊರೆ ಹೆಚ್ಚಾಗಿದೆ. ಆಗ ಡಯೋಡ್‌ಗಳನ್ನೂ ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳನ್ನೂ ಮೊದಲು ಶಂಕಿಸಬೇಕು.

ತಳದ ತಟ್ಟೆ ಬಿಚ್ಚಿದ ಮೇಲೆ ಮೂಗನ್ನೂ ಕಣ್ಣನ್ನೂ ಬಳಸಿ. ಸೋರಿದ ಕೆಪಾಸಿಟರಿಗೆ ಮೀನಿನಂಥ ವಾಸನೆ ಇರುತ್ತದೆ, ಅದರ ಸುತ್ತಲಿನ ತಾಮ್ರ ಹಸಿರಾಗಿರುತ್ತದೆ. ಹೀಟ್‌ಸಿಂಕಿಗೆ ಬಿಗಿದ ಟ್ರಾನ್ಸಿಸ್ಟರ್‌ಗಳ ಕಾಲಿನ ಸುತ್ತ ಮತ್ತು ಸ್ಟೀರಿಯೊದಿಂದ ಹಾಡು ಬರುವ ಆರ್‌ಸಿಎ ಸಾಕೆಟ್‌ಗಳ ಬುಡದಲ್ಲಿ ಬೆಸುಗೆ ಬಿರುಕುಬಿಟ್ಟು ಉಂಗುರದಂತೆ ಕಾಣುತ್ತದೆ. ಕಾರಿನ ಕುಲುಕಾಟವೂ ಕಾಯುವ ತಣಿಯುವ ಚಕ್ರವೂ ಸೇರಿ ಇದನ್ನು ಮಾಡುತ್ತವೆ. ಭೂತಗನ್ನಡಿ ಹಿಡಿದು ನೋಡಿ, ಸಂಶಯ ಬಂದಲ್ಲೆಲ್ಲ ಹಳೆಯ ಬೆಸುಗೆ ತೆಗೆದು ಹೊಸತು ಹಾಕಿ.

ಆಮೇಲೆ ಮೀಟರನ್ನು ಡಯೋಡ್ ಪರೀಕ್ಷೆಗೆ ಇಟ್ಟು ಪ್ರತಿ ಮಾಸ್‌ಫೆಟ್‌ನ ಡ್ರೈನ್ ಮತ್ತು ಸೋರ್ಸ್ ಎಂಬ, ಕರೆಂಟ್ ಹಾದುಹೋಗುವ ಎರಡು ಕಾಲುಗಳ ನಡುವೆ ಅಳೆಯಿರಿ. ಒಂದು ದಿಕ್ಕಿನಲ್ಲಿ 0.4ರಿಂದ 0.6 ವೋಲ್ಟ್ ಬಂದು, ಇನ್ನೊಂದು ದಿಕ್ಕಿನಲ್ಲಿ ಕೆಪಾಸಿಟರ್ ತುಂಬುತ್ತ ಅಂಕಿ ಏರುತ್ತ ಹೋದರೆ ಸರಿ. ಎರಡೂ ದಿಕ್ಕಿನಲ್ಲಿ ಬಝರ್ ಕೂಗಿದರೆ ಶಾರ್ಟ್. ಸಮಾಂತರವಾಗಿರುವ ಮಾಸ್‌ಫೆಟ್‌ಗಳಲ್ಲಿ ಒಂದು ಕೆಟ್ಟರೂ ಎಲ್ಲವೂ ಕೆಟ್ಟಂತೆ ತೋರುವುದರಿಂದ, ಒಂದೊಂದನ್ನೂ ಹೊರತೆಗೆದು ಅಳೆಯದೆ ತೀರ್ಮಾನಕ್ಕೆ ಬರಬಾರದು. ಎರಡೂ ಬದಿಯ ಎಲ್ಲ ಮಾಸ್‌ಫೆಟ್‌ಗಳನ್ನೂ ತೆಗೆದಿಟ್ಟುಬಿಡಿ. ಮುಂದಿನ ಪರೀಕ್ಷೆಗೆ ಬೋರ್ಡು ಹಾಗೆಯೇ ಬೇಕು.

ಗೇಟ್ ಡ್ರೈವ್: ಹೆಚ್ಚಿನವರು ನೋಡದೆ ಬಿಡುವ ಜಾಗ

ಇಲ್ಲಿ ಒಂದು ನಿಜವಾದ ಉದಾಹರಣೆಯನ್ನೇ ಹೇಳುತ್ತೇನೆ. ಮಂಗಳೂರಿನ ಹಿರಿಯರೊಬ್ಬರು 1992ರಲ್ಲಿ ದುಬೈಯಿಂದ ತಂದಿದ್ದ, ಚಾನೆಲಿಗೆ 50 ವಾಟಿನ ಎರಡು ಚಾನೆಲ್ ಆಂಪ್ಲಿಫೈಯರನ್ನು ನನಗೆ ಕಳುಹಿಸಿದ್ದರು. ಎರಡು ಸಲ ಬೇರೆ ಕಡೆ ರಿಪೇರಿಯಾಗಿ, ಎರಡು ಸಲವೂ ಕೆಲವೇ ದಿನಗಳಲ್ಲಿ ಕೆಟ್ಟಿತ್ತು. ಬೋರ್ಡನ್ನು ತಿರುಗಿಸಿ ನೋಡಿದಾಗ, ನಾಲ್ಕು ಮಾಸ್‌ಫೆಟ್‌ಗಳಲ್ಲಿ ಬಲಬದಿಯ ಎರಡರ ಕಾಲುಗಳ ಸುತ್ತ ಮಾತ್ರ ಕಂದು ಬಣ್ಣದ ಫ್ಲಕ್ಸ್ ಅಂಟಿಕೊಂಡಿತ್ತು, ತಾಮ್ರದ ಪ್ಯಾಡ್ ಒಂದು ಬಿಸಿ ತಿಂದು ಅಂಚಿನಲ್ಲಿ ಏಳತೊಡಗಿತ್ತು. ಎಡಬದಿಯ ಬೆಸುಗೆ ಕಾರ್ಖಾನೆಯಿಂದ ಬಂದಾಗಿನ ಹೊಳಪಿನಲ್ಲೇ ಇತ್ತು. ಅಂದರೆ ಎರಡು ಸಲವೂ ಸತ್ತದ್ದು ಒಂದೇ ಬದಿಯ ಜೋಡಿ. ಈಗ ಮೂರನೆಯ ಸಲವೂ ಅದೇ ಜೋಡಿ ಶಾರ್ಟ್ ಆಗಿತ್ತು. ಹೊಸ ಭಾಗ ಹಾಕಿದಷ್ಟು ಸಲವೂ ಅದೇ ಬದಿ ಸಾಯುತ್ತಿದ್ದರೆ ತಪ್ಪು ಆ ಭಾಗದ್ದಲ್ಲ, ಅದರ ಗೇಟಿಗೆ, ಅಂದರೆ ಅದನ್ನು ಆನ್ ಆಫ್ ಮಾಡುವ ಕಾಲಿಗೆ, ಅಪ್ಪಣೆ ಕೊಡುವ ಸರ್ಕ್ಯೂಟಿನದು.

ಮಾಸ್‌ಫೆಟ್‌ಗಳಿಲ್ಲದ ಬೋರ್ಡಿಗೆ ಬಲ್ಬಿನ ಮೂಲಕ 12 ವೋಲ್ಟ್ ಕೊಟ್ಟು, ರಿಮೋಟ್ ತುದಿಗೂ ಅದನ್ನೇ ಮುಟ್ಟಿಸಿ ಟಿಎಲ್494ರ ಕಾಲುಗಳನ್ನು ಅಳೆಯುವುದು ಮೊದಲ ಹೆಜ್ಜೆ. 7ನೆಯ ಕಾಲು ಗ್ರೌಂಡ್. 12ನೆಯ ಕಾಲಿನಲ್ಲಿ ಬ್ಯಾಟರಿಯ ವೋಲ್ಟೇಜಿಗೆ ಹತ್ತಿರದ ಅಂಕಿ ಬರಬೇಕು; ಬರದಿದ್ದರೆ ರಿಮೋಟ್ ಸರ್ಕ್ಯೂಟಿನ ಟ್ರಾನ್ಸಿಸ್ಟರ್ ನೋಡಿ. 14ನೆಯ ಕಾಲಿನಲ್ಲಿ 5 ವೋಲ್ಟ್ ಬರಬೇಕು. 12ರಲ್ಲಿ ವೋಲ್ಟೇಜ್ ಇದ್ದೂ 14ರಲ್ಲಿ ಇಲ್ಲದಿದ್ದರೆ ಐಸಿ ಕೆಟ್ಟಿದೆ, ಇಲ್ಲವೇ ಆ 5 ವೋಲ್ಟನ್ನು ಬೇರೆ ಯಾವುದೋ ಭಾಗ ಕೆಳಗೆ ಎಳೆಯುತ್ತಿದೆ. 4ನೆಯ ಕಾಲು ಸ್ವಲ್ಪ ಹೊತ್ತಿನಲ್ಲಿ ಸೊನ್ನೆಯ ಹತ್ತಿರಕ್ಕೆ ಇಳಿಯಬೇಕು. ಅದು 3 ವೋಲ್ಟಿಗಿಂತ ಮೇಲೆ ನಿಂತಿದ್ದರೆ ಐಸಿ ಔಟ್‌ಪುಟ್ಟನ್ನು ಬೇಕೆಂದೇ ನಿಲ್ಲಿಸಿದೆ ಎಂದರ್ಥ. ರಕ್ಷಣಾ ಸರ್ಕ್ಯೂಟ್ ಎಳೆದಿರಬಹುದು, ಅಥವಾ 14 ಮತ್ತು 4ನೆಯ ಕಾಲುಗಳ ನಡುವೆ ನಿಧಾನ ಆರಂಭಕ್ಕೆಂದು ಇಟ್ಟ ಚಿಕ್ಕ ಕೆಪಾಸಿಟರ್ ಸೋರುತ್ತಿರಬಹುದು. ಮಂಗಳೂರಿನ ಆಂಪ್ಲಿಫೈಯರಿನಲ್ಲಿ ಇವೆಲ್ಲವೂ ಸರಿಯಾಗಿದ್ದವು.

ಎರಡನೆಯ ಹೆಜ್ಜೆ ಗೇಟ್ ಪ್ಯಾಡ್‌ಗಳದ್ದು. ಆಸಿಲೋಸ್ಕೋಪ್ ಇದ್ದರೆ ಎರಡೂ ಬದಿಯಲ್ಲಿ ಒಂದರ ಬಿಡುವಿನಲ್ಲಿ ಇನ್ನೊಂದು ಏಳುವ ಚೌಕಾಕಾರದ ಅಲೆ ಕಾಣಬೇಕು. ಇಲ್ಲದಿದ್ದರೆ ಸಾಮಾನ್ಯ ಮೀಟರಿನ ಡಿಸಿ ವೋಲ್ಟ್ ಸಾಕು: ಪ್ರತಿ ಬದಿಯೂ ಅರ್ಧ ಹೊತ್ತಿಗಿಂತ ಸ್ವಲ್ಪ ಕಡಿಮೆ ಆನ್ ಆಗಿರುವುದರಿಂದ ಸರಾಸರಿ ಸುಮಾರು 4ರಿಂದ 5.5 ವೋಲ್ಟ್ ಬರುತ್ತದೆ. ಅಂಕಿ ಎಷ್ಟೆಂಬುದಕ್ಕಿಂತ ಎರಡು ಬದಿಗಳೂ ಸಮವಾಗಿರುವುದು ಮುಖ್ಯ. ಆದರೆ ಇಲ್ಲೊಂದು ಮೋಸವಿದೆ. ಮಾಸ್‌ಫೆಟ್ ಇಲ್ಲದಾಗ ಗೇಟಿನ ಕೆಪಾಸಿಟೆನ್ಸ್ ಕೂಡ ಇರುವುದಿಲ್ಲ. ಹೊರೆಯೇ ಇಲ್ಲದ ಡ್ರೈವರ್ ಸೋತಿದ್ದರೂ ಗೆದ್ದಂತೆ ತೋರುತ್ತದೆ. ಅದಕ್ಕಾಗಿ ಪ್ರತಿ ಬದಿಯ ಗೇಟ್ ಪ್ಯಾಡ್ ಮತ್ತು ಸೋರ್ಸ್ ಪ್ಯಾಡ್ ನಡುವೆ 3.3 ನ್ಯಾನೊಫ್ಯಾರಡ್ ಕೆಪಾಸಿಟರನ್ನು ತಾತ್ಕಾಲಿಕವಾಗಿ ಬೆಸೆದು ಅಳೆಯಬೇಕು. ಐಆರ್‌ಎಫ್‌ಝಡ್44ಎನ್ ಒಂದರ ಗೇಟ್ ಕೆಪಾಸಿಟೆನ್ಸ್ ಸುಮಾರು 1.5 ನ್ಯಾನೊಫ್ಯಾರಡ್ ಆದ್ದರಿಂದ ಎರಡರ ಜೋಡಿಗೆ ಇದು ಹತ್ತಿರದ ಬದಲಿ.

ಮಂಗಳೂರಿನ ಆಂಪ್ಲಿಫೈಯರಿನಲ್ಲಿ ಕೆಪಾಸಿಟರ್ ಬೆಸೆಯುವ ಮೊದಲು ಎರಡೂ ಬದಿ ಸಮವಾಗಿಯೇ ಕಂಡಿತ್ತು. ಬೆಸೆದ ಮೇಲೆ ಎಡಬದಿ 5.0 ವೋಲ್ಟ್, ಬಲಬದಿ 6.4 ವೋಲ್ಟ್. ಬಲಬದಿಯ ಗೇಟ್ ಬೇಗ ಏರುತ್ತಿತ್ತು, ಬೇಗ ಇಳಿಯುತ್ತಿರಲಿಲ್ಲ. ಗೇಟಿನ ವಿದ್ಯುತ್ತನ್ನು ಗ್ರೌಂಡಿಗೆ ಎಳೆಯುವ ಕೆಲಸ ಒಂದು ಚಿಕ್ಕ ಪಿಎನ್‌ಪಿ ಟ್ರಾನ್ಸಿಸ್ಟರಿನದು. ಅದನ್ನು ಹೊರತೆಗೆದು ಅಳೆದಾಗ ಬೇಸ್ ಮತ್ತು ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಓಪನ್. ಅದರ ಮೈಮೇಲೆ ಸುಟ್ಟ ಗುರುತೂ ಇಲ್ಲ, ಬಿರುಕೂ ಇಲ್ಲ. ಅದು ಕೆಲಸ ಬಿಟ್ಟ ಮೇಲೆ ಗೇಟ್ ಖಾಲಿಯಾಗುತ್ತಿದ್ದದ್ದು ಪಕ್ಕದ 1 ಕಿಲೊಓಮ್ ರೆಸಿಸ್ಟರಿನ ಮೂಲಕ ಮಾತ್ರ. 11 ವೋಲ್ಟಿನಿಂದ ಮಾಸ್‌ಫೆಟ್ ಆಫ್ ಆಗುವ 3 ವೋಲ್ಟಿಗೆ ಇಳಿಯಲು ಹಾಗೆ ಸುಮಾರು 4 ಮೈಕ್ರೊಸೆಕೆಂಡ್ ಬೇಕು. ಆ ಸಪ್ಲೈ 40 ಕಿಲೊಹರ್ಟ್ಸ್‌ನಲ್ಲಿ ಓಡುತ್ತಿತ್ತು, ಅಂದರೆ ಒಂದು ಆವರ್ತಕ್ಕೆ 25 ಮೈಕ್ರೊಸೆಕೆಂಡ್. ಒಂದು ಬದಿ ಆಫ್ ಆಗಿ ಇನ್ನೊಂದು ಆನ್ ಆಗುವ ನಡುವಿನ ಬಿಡುವು 1 ಮೈಕ್ರೊಸೆಕೆಂಡಿನ ಆಸುಪಾಸು. ಹಾಗಾಗಿ ಪ್ರತಿ ಆವರ್ತದಲ್ಲೂ ಮೂರು ಮೈಕ್ರೊಸೆಕೆಂಡ್ ಎರಡೂ ಬದಿಗಳು ಒಟ್ಟಿಗೆ ಆನ್ ಆಗಿರುತ್ತಿದ್ದವು. ಜೊತೆಗೆ ಬಲಬದಿ ಹೆಚ್ಚು ಹೊತ್ತು ಆನ್ ಇರುವುದರಿಂದ ಟ್ರಾನ್ಸ್‌ಫಾರ್ಮರಿನ ಕಾಂತತ್ವ ಒಂದೇ ಕಡೆಗೆ ವಾಲಿ, ಅದರ ಫೆರೈಟ್ ತಿರುಳು ಇನ್ನು ಹಿಡಿಯಲಾರದಷ್ಟು ತುಂಬಿ, ಹೆಚ್ಚಿನ ಕರೆಂಟೆಲ್ಲ ಬಲಬದಿಯ ಜೋಡಿಯ ಮೇಲೇ ಬೀಳುತ್ತಿತ್ತು.

ಮೊದಲ ಸಾವಿನಲ್ಲೇ ಈ ಪಿಎನ್‌ಪಿ ಹೋಗಿರಬೇಕು. ಮಾಸ್‌ಫೆಟ್ ಶಾರ್ಟ್ ಆಗುವಾಗ ಡ್ರೈನಿನ ವೋಲ್ಟೇಜ್ ಗೇಟಿಗೆ ನುಗ್ಗುತ್ತದೆ, ಪುಶ್-ಪುಲ್ ವಿನ್ಯಾಸದಲ್ಲಿ ಅದು ಬ್ಯಾಟರಿಯ ಎರಡರಷ್ಟು, ಅಂದರೆ 28 ವೋಲ್ಟಿನ ಸುತ್ತ. ಗೇಟ್ ರೆಸಿಸ್ಟರ್ ದಾಟಿ ಅದು ಡ್ರೈವರನ್ನೂ ಕೆಲವೊಮ್ಮೆ ಐಸಿಯನ್ನೂ ಹೊಡೆಯುತ್ತದೆ. ಆದ್ದರಿಂದ ಮಾಸ್‌ಫೆಟ್ ಶಾರ್ಟ್ ಆಗಿದ್ದರೆ ಆ ಬದಿಯ ಗೇಟ್ ರೆಸಿಸ್ಟರ್‌ಗಳನ್ನೂ ಡ್ರೈವರ್ ಟ್ರಾನ್ಸಿಸ್ಟರ್‌ಗಳನ್ನೂ ಅಳೆಯದೆ ಮುಂದೆ ಹೋಗಬೇಡಿ. ರೆಸಿಸ್ಟರಿನ ಬಣ್ಣದ ಪಟ್ಟಿ ಸ್ಪಷ್ಟವಾಗಿ ಕಂಡಿತೆಂದು ನಂಬಬಾರದು.

ಡ್ರೈವರಿಗೆ ಬದಲಿಯಾಗಿ ನಾನು ಎರಡೂ ಬದಿಗೆ ಬಿಸಿ327 ಹಾಕಿದೆ. ಜಪಾನಿನ 2ಎಸ್‌ಎ ಸರಣಿಯ ಚಿಕ್ಕ ಟ್ರಾನ್ಸಿಸ್ಟರ್‌ಗಳ ಕಾಲುಗಳು ಸಾಮಾನ್ಯವಾಗಿ ಎಮಿಟರ್, ಕಲೆಕ್ಟರ್, ಬೇಸ್ ಎಂಬ ಕ್ರಮದಲ್ಲಿರುತ್ತವೆ. ಬಿಸಿ327ರ ಕ್ರಮ ಕಲೆಕ್ಟರ್, ಬೇಸ್, ಎಮಿಟರ್. ಕಾಲುಗಳನ್ನು ಬಾಗಿಸಿ, ತೋಳಿನಂತೆ ಸ್ಲೀವ್ ತೊಡಿಸಿ ಕೂರಿಸಬೇಕು. ಆಮೇಲೆ ಎರಡೂ ಬದಿ 5.0 ಮತ್ತು 5.1 ವೋಲ್ಟ್ ತೋರಿಸಿದವು.

ಯಾವ ಮಾಸ್‌ಫೆಟ್ ಹಾಕಬೇಕು

ಹಳೆಯ ಸಂಖ್ಯೆ ಸಿಗದಾಗ ಹೆಚ್ಚು ಆಂಪಿಯರಿನ ಹೊಸದನ್ನು ಹಾಕಿದರೆ ಒಳ್ಳೆಯದೆಂಬ ಭಾವನೆ ಇದೆ, ನಾನು ಒಪ್ಪುವುದಿಲ್ಲ. ಐಆರ್‌ಎಫ್3205ರ ಆನ್ ರೋಧ 8 ಮಿಲಿಓಮ್, ಐಆರ್‌ಎಫ್‌ಝಡ್44ಎನ್‌ನದು 17.5 ಮಿಲಿಓಮ್, ಇಷ್ಟೇ ನೋಡಿದರೆ ಮೊದಲನೆಯದು ಮೇಲು. ಆದರೆ ಅದರ ಗೇಟ್ ತುಂಬಲು 146 ನ್ಯಾನೊಕೂಲಂಬ್‌ವರೆಗೆ ಬೇಕು, ಎರಡನೆಯದಕ್ಕೆ 63 ಸಾಕು. ಮೂವತ್ತು ವರ್ಷದ ಹಿಂದೆ ಚಿಕ್ಕ ಗೇಟಿಗಾಗಿ ರೂಪಿಸಿದ ಡ್ರೈವರಿಗೆ ಈ ಎರಡು ಪಟ್ಟು ಹೊರೆ ಕಟ್ಟಿದರೆ, ಮೇಲೆ ಹೇಳಿದ ನಿಧಾನ ಇಳಿತವನ್ನೇ ನಾವಾಗಿ ಕರೆತಂದಂತೆ. ಮೂಲ ಭಾಗಕ್ಕೆ ಗೇಟ್ ಹೊರೆಯಲ್ಲಿ ಹತ್ತಿರವಾದದ್ದನ್ನು ಆರಿಸಿ, ಎರಡೂ ಬದಿಗೆ ಒಂದೇ ತಯಾರಕರ ಒಂದೇ ಲಾಟಿನವನ್ನು ಹಾಕಿ. ಎಡಬದಿಯ ಹಳೆಯ ಜೋಡಿ ಚೆನ್ನಾಗಿದ್ದರೂ ನಾನು ನಾಲ್ಕನ್ನೂ ಬದಲಿಸಿದೆ. ಮಾರುಕಟ್ಟೆಯಲ್ಲಿ ನಕಲಿ ಭಾಗಗಳು ಧಾರಾಳವಾಗಿವೆ. ಹತ್ತು ರೂಪಾಯಿ ಉಳಿಸಲು ಹೋಗದೆ ಬಿಲ್ ಕೊಡುವ ಅಧಿಕೃತ ವಿತರಕರಿಂದ ತರಿಸುವುದೇ ಲೇಸು.

ಇದೇ ಹಂತದಲ್ಲಿ ಇನ್‌ಪುಟ್ ಬದಿಯ ಕೆಪಾಸಿಟರ್‌ಗಳನ್ನೂ ಬದಲಿಸಿ. ನನ್ನ ಕೈಯಲ್ಲಿದ್ದ ಬೋರ್ಡಿನ 2200 ಮೈಕ್ರೊಫ್ಯಾರಡ್ 16 ವೋಲ್ಟಿನ ಎರಡರಲ್ಲಿ ಒಂದು 900ಕ್ಕೆ ಇಳಿದಿತ್ತು. 14.4 ವೋಲ್ಟ್ ಬರುವ ಜಾಗಕ್ಕೆ 16 ವೋಲ್ಟಿನದು ಇಕ್ಕಟ್ಟು; 25 ವೋಲ್ಟ್, 105 ಡಿಗ್ರಿಯದನ್ನು ಹಾಕಿದೆ.

ಔಟ್‌ಪುಟ್ ಬದಿ

ಔಟ್‌ಪುಟ್ ಟ್ರಾನ್ಸಿಸ್ಟರ್‌ಗಳಲ್ಲೂ ಸಮಾಂತರ ಜೋಡಿಯ ಅದೇ ಗೊಂದಲ ಉಂಟು, ಎಮಿಟರ್ ರೆಸಿಸ್ಟರಿನ ಒಂದು ತುದಿ ಎತ್ತಿ ಅಳೆದರೆ ಕೆಟ್ಟದ್ದು ತಿಳಿಯುತ್ತದೆ. ಒಂದು ಶಾರ್ಟ್ ಆಗಿದ್ದರೆ ಆ ಚಾನೆಲಿನ ಎಲ್ಲವನ್ನೂ, ಅವನ್ನು ನಡೆಸುವ ಡ್ರೈವರಿನೊಂದಿಗೆ ಬದಲಿಸಬೇಕು. ಟಿಐಪಿ35ಸಿ ಮತ್ತು 36ಸಿ ಜೋಡಿ ಈಗಲೂ ಸಿಗುತ್ತದೆ. ಸಪ್ಲೈ ಎದ್ದ ಮೇಲೆ, ಸ್ಪೀಕರ್ ಜೋಡಿಸದೆ, ಸ್ಪೀಕರ್ ತುದಿಯ ಡಿಸಿ ಅಳೆಯಿರಿ: 50 ಮಿಲಿವೋಲ್ಟಿನ ಒಳಗಿದ್ದರೆ ಸರಿ, ರೇಲಿನ ವೋಲ್ಟೇಜೇ ಬಂದರೆ ಸ್ಪೀಕರ್ ಸುಡುತ್ತದೆ. ಹಾಡಿಲ್ಲದಾಗ ಹರಿಯುವ ಅಲ್ಪ ಕರೆಂಟನ್ನು ಹೊಂದಿಸುವ ಬಯಾಸ್ ಪ್ರಿಸೆಟ್ ಇದ್ದರೆ ಎಮಿಟರ್ ರೆಸಿಸ್ಟರಿನ ಮೇಲಿನ ಮಿಲಿವೋಲ್ಟ್ ನೋಡಿ ಹೊಂದಿಸಿ, 0.22 ಓಮ್ ಮೇಲೆ 5 ಮಿಲಿವೋಲ್ಟ್ ಎಂದರೆ ಸುಮಾರು 23 ಮಿಲಿಆಂಪಿಯರ್. ಹೀಟ್‌ಸಿಂಕಿಗೆ ಬಿಗಿಯದೆ ಒಂದು ನಿಮಿಷವೂ ಓಡಿಸಬಾರದು. ಮೈಕಾ ಹಾಳೆ ಮತ್ತು ಹೊಸ ಪೇಸ್ಟ್ ಹಾಕಿ ಬಿಗಿದ ನಂತರ, ಪ್ರತಿ ಟ್ರಾನ್ಸಿಸ್ಟರಿನ ಲೋಹದ ಬೆನ್ನಿಗೂ ಹೀಟ್‌ಸಿಂಕಿಗೂ ಸಂಪರ್ಕವಿಲ್ಲವೆಂದು ಮೀಟರಿನಿಂದ ಖಚಿತಪಡಿಸಿಕೊಳ್ಳಿ.

ಎಂಜಿನ್ ವೇಗದೊಂದಿಗೆ ಏರುವ ಸಿಳ್ಳೆ

ಫ್ಯೂಸಿನ ದೋಷ ಸರಿಹೋದ ಆಂಪ್ಲಿಫೈಯರ್ ಕಾರಿಗೆ ಹೋದ ಮೇಲೆ ಆಕ್ಸಿಲರೇಟರ್ ಒತ್ತಿದಂತೆಲ್ಲ ಸಿಳ್ಳೆ ಹೊಡೆಯುವುದುಂಟು. ಇದಕ್ಕೆ ಆಲ್ಟರ್ನೇಟರನ್ನು ದೂರುವ ಮೊದಲು ಗ್ರೌಂಡಿನ ಹಾದಿಯನ್ನು ನೋಡಬೇಕು. ಬ್ಯಾಟರಿ ಬದಿಯ ಗ್ರೌಂಡ್ ಮತ್ತು ಆಡಿಯೊ ಬದಿಯ ಗ್ರೌಂಡ್ ಬಹಳಷ್ಟು ಮಾದರಿಗಳಲ್ಲಿ ಪ್ರತ್ಯೇಕವಾಗಿದ್ದು, ಅವುಗಳ ನಡುವೆ ಒಂದು ರೆಸಿಸ್ಟರ್ ಮಾತ್ರ ಇರುತ್ತದೆ. ಕಾರಿನ ಬಾಡಿಗೆ ಬಿಗಿದ ಗ್ರೌಂಡ್ ಬೋಲ್ಟ್ ತುಕ್ಕು ಹಿಡಿದು ಸಂಪರ್ಕ ಕಳೆದುಕೊಂಡರೆ, ಆಂಪ್ಲಿಫೈಯರಿನ ಕರೆಂಟೆಲ್ಲ ಈ ರೆಸಿಸ್ಟರ್ ಮೂಲಕ, ಆರ್‌ಸಿಎ ಕೇಬಲಿನ ಹೊರಕವಚದ ಮೂಲಕ ಸ್ಟೀರಿಯೊ ಕಡೆಗೆ ಹರಿಯಲು ನೋಡುತ್ತದೆ. ಆಗ ರೆಸಿಸ್ಟರೂ ಸಾಕೆಟ್ಟಿನ ತೆಳ್ಳಗಿನ ಟ್ರ್ಯಾಕೂ ಸುಡುತ್ತವೆ.

ಕಡಲ ಗಾಳಿಯ ಊರಿನಿಂದ ಬಂದ ಆ ಆಂಪ್ಲಿಫೈಯರಿನ ಗ್ರೌಂಡ್ ಸ್ಕ್ರೂ ಕೈಗೆ ತುಕ್ಕಿನ ಪುಡಿ ಬಿಟ್ಟಿದ್ದರಿಂದ ನಾನು ಇದನ್ನು ಮೊದಲೇ ಅಳೆದೆ. ಆರ್‌ಸಿಎ ಸಾಕೆಟ್ಟಿನ ಹೊರ ಉಂಗುರದಿಂದ ಸೆಕೆಂಡರಿಯ ನಡು ತುದಿಗೆ ಸೊನ್ನೆಗೆ ಹತ್ತಿರ ಇರಬೇಕಾದದ್ದು ಓಪನ್ ಇತ್ತು; ಹಸಿರು ಲೇಪನದ ಕೆಳಗೆ ಒಂದೂವರೆ ಸೆಂಟಿಮೀಟರ್ ಉದ್ದದ ಕಪ್ಪು ಗೆರೆ ಕಾಣಿಸಿತು. ಎರಡು ಗ್ರೌಂಡುಗಳ ನಡುವಿನ 10 ಓಮ್ ರೆಸಿಸ್ಟರೂ ಓಪನ್. ಟ್ರ್ಯಾಕಿನ ಜಾಗಕ್ಕೆ ದಪ್ಪ ತಂತಿ ಹಾಕುವ ಆಸೆಯನ್ನು ತಡೆಯಬೇಕು. ಮುಂದೆ ಎಂದಾದರೂ ಗ್ರೌಂಡ್ ಕಳಚಿದರೆ ಸುಡಬೇಕಾದದ್ದು ಈ ತೆಳು ಎಳೆಯೇ ಹೊರತು ಸ್ಟೀರಿಯೊ ಅಲ್ಲ. ಆದ್ದರಿಂದ ಮಲ್ಟಿಸ್ಟ್ರ್ಯಾಂಡ್ ತಂತಿಯ ಒಂದೇ ಎಳೆಯನ್ನು ಬೆಸೆದು, ರೆಸಿಸ್ಟರನ್ನು ಅದೇ ಬೆಲೆಯದರಿಂದ ಬದಲಿಸಿದೆ.

ಹಿಂತಿರುಗಿಸುವ ಮೊದಲು

ಬಲ್ಬ್ ತೆಗೆದು, ಫ್ಯೂಸಿನೊಂದಿಗೆ 13.8 ವೋಲ್ಟ್ ಕೊಟ್ಟಾಗ ಆ ಆಂಪ್ಲಿಫೈಯರ್ ಹಾಡಿಲ್ಲದೆ 0.9 ಆಂಪಿಯರ್ ಎಳೆಯಿತು, ಎರಡು ಚಾನೆಲಿನ ಡಿಸಿ 12 ಮತ್ತು 17 ಮಿಲಿವೋಲ್ಟ್ ಇತ್ತು. 4 ಓಮ್ ಪವರ್ ರೆಸಿಸ್ಟರ್ ಮೇಲೆ, ಫೋನಿನಿಂದ 1 ಕಿಲೊಹರ್ಟ್ಸ್ ಸ್ವರ ಕೊಟ್ಟು 14.1 ವೋಲ್ಟ್ ಎಸಿ ಬರುವವರೆಗೆ ಏರಿಸಿದೆ. ಅದು ಸುಮಾರು 50 ವಾಟ್. ಅರ್ಧ ಗಂಟೆಯ ನಂತರ ಎಡ ಮತ್ತು ಬಲ ಜೋಡಿಯ ಮಾಸ್‌ಫೆಟ್‌ಗಳ ಬಿಸಿಯಲ್ಲಿ ವ್ಯತ್ಯಾಸ ಇರಲಿಲ್ಲ. ಒಂದು ಬದಿ ಮಾತ್ರ ಹೆಚ್ಚು ಕಾದರೆ ಮತ್ತೆ ಗೇಟ್ ಡ್ರೈವಿಗೇ ಮರಳಬೇಕು.

ಕಾರಿನಲ್ಲಿ ಕೂರಿಸುವವರಿಗೆ ಎರಡು ಸೂಚನೆಗಳನ್ನು ಚೀಟಿಯಲ್ಲಿ ಬರೆದು ಕಳುಹಿಸಿದೆ: ಗ್ರೌಂಡ್ ಬೋಲ್ಟಿನ ಜಾಗದಲ್ಲಿ ಬಣ್ಣ ಕೆರೆದು ಬರಿ ಲೋಹ ಕಾಣುವಂತೆ ಮಾಡಿ ಬಿಗಿಯಬೇಕು, ಬಿಗಿದ ಮೇಲೆ ಗ್ರೀಸ್ ಸವರಬೇಕು; ಧನ ತಂತಿಗೆ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೆ ಇನ್ನೊಂದು ಫ್ಯೂಸ್ ಇರಬೇಕು. ಆಂಪ್ಲಿಫೈಯರಿನ ಮೇಲಿರುವ ಫ್ಯೂಸ್ ಆಂಪ್ಲಿಫೈಯರನ್ನು ಮಾತ್ರ ಕಾಯುತ್ತದೆ, ಕಾರ್ಪೆಟ್ಟಿನ ಕೆಳಗೆ ಹಾದುಬರುವ ತಂತಿಯನ್ನಲ್ಲ.